ಹಸಿರು ವಾಸನೆಯ ತೂಕ

ಸುಗಂಧದ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು ಎಂದು ಹೇಳಿದರೆ ಸಾಕು, ಕೇಳಿದವರ ಕಣ್ಣ ಮುಂದೆ ಗುಲಾಬಿ ತೋಟ ಬಂದುಬಿಡುತ್ತದೆ. ನಿಜ ಹೇಳಿ ಆ ತೋಟ ಒಣಗಿಸಲು ನನಗೂ ಮನಸ್ಸಾಗುವುದಿಲ್ಲ. ಆದರೆ ಈಚೆಗೆ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಇದೇ ಕೆಲಸಕ್ಕೆ ಸೇರಿದ್ದಾಳೆ. ಮೂಗು ಚುರುಕಾಗಲು ಏನು ತಿನ್ನಬೇಕು ಎಂದು ಫೋನಿನಲ್ಲಿ ಕೇಳಿದಳು. ತಿನ್ನುವುದರಿಂದ ಆಗುವ ಕೆಲಸವಾಗಿದ್ದರೆ ನಮ್ಮ ಮನೆಯವರು ಎಂದೋ ದೊಡ್ಡ ಸುಗಂಧ ತಜ್ಞರಾಗಿರುತ್ತಿದ್ದರು. ಅವಳಿಗೆ ಮತ್ತು ಅವಳಂಥವರಿಗೆ ನಾಲ್ಕು ಮಾತು ಬರೆದಿಡೋಣ ಎಂದು ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬ ಪಟ್ಟಿ ಇದರಲ್ಲಿಲ್ಲ. ಅದನ್ನು ನಿವೃತ್ತಿಯ ದಿನ ಹಾರ ಹಾಕುವಾಗ ಒಮ್ಮೆ ಓದಿದ್ದಾರೆ, ಅಷ್ಟು ಸಾಕು.

ನಮ್ಮ ಕಾರ್ಖಾನೆ ಪುಣೆಯ ಭೋಸರಿಯಲ್ಲಿತ್ತು. ಒಂದು ಬದಿಗೆ ಲೇಥ್ ವರ್ಕ್‌ಶಾಪು, ಇನ್ನೊಂದು ಬದಿಗೆ ಗಾಡಿಯ ಬಿಡಿಭಾಗಗಳಿಗೆ ಬಣ್ಣ ಹೊಡೆಯುವ ಶೆಡ್ಡು. ಪೇಂಟಿನ ಗಾಳಿ ನಮ್ಮ ಕಡೆ ತಿರುಗಿತೆಂದರೆ ಕಿಟಕಿಗಳನ್ನೆಲ್ಲ ದಡದಡ ಮುಚ್ಚಬೇಕಾಗುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಸೇರಿದಾಗ ಇದ್ದವರು ಒಟ್ಟು ಹದಿನೆಂಟು ಜನ. ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಊದಿನಕಡ್ಡಿ, ಬಟ್ಟೆ ತೊಳೆಯುವ ಪುಡಿ ಮಾಡುವವರಿಗೆ ಬೇಕಾದ ವಾಸನೆಯನ್ನು ನಾವು ಬೆರೆಸಿ ಡ್ರಮ್ಮಿನಲ್ಲಿ ತುಂಬಿ ಕೊಡುತ್ತಿದ್ದೆವು. ವಿಜಾಪುರದಲ್ಲಿ ರಸಾಯನಶಾಸ್ತ್ರ ಓದಿ, ಮದುವೆಯಾಗಿ ಅಲ್ಲೇ ಹತ್ತಿರದ ನಿಗಡಿಗೆ ಬಂದಿದ್ದ ನನಗೆ ಅಲ್ಲಿ ಸಿಕ್ಕ ಕೆಲಸ ಒಂದೇ: ಬೆರೆಸಿದ ಪ್ರತಿ ಬ್ಯಾಚನ್ನೂ ಮೂಸಿ ನೋಡಿ, ಸರಿಯಿದ್ದರೆ ಸಹಿ ಹಾಕುವುದು.

ಆ ಕೆಲಸಕ್ಕೆ ಸೇರಿದ ಮೇಲೆ ನನ್ನ ಮೈಗೆ ನನ್ನದೆನ್ನುವ ವಾಸನೆ ಉಳಿಯಲಿಲ್ಲ. ಸಂಜೆ ನಿಗಡಿಯ ಬಸ್ಸು ಹತ್ತಿದರೆ ಅಂದು ನಾವು ಏನು ಬೆರೆಸಿದ್ದೇವೆಂದು ಬಸ್ಸಿಗೆಲ್ಲ ಗೊತ್ತಾಗುತ್ತಿತ್ತು. ಒಬ್ಬ ಕಂಡಕ್ಟರಂತೂ ಟಿಕೆಟು ಹರಿದುಕೊಡುತ್ತಾ, ಇವತ್ತಿನದಕ್ಕಿಂತ ನಿನ್ನೆಯ ಸಾಬೂನೇ ಚೆನ್ನಾಗಿತ್ತು ಎಂದು ಮರಾಠಿಯಲ್ಲಿ ಅಭಿಪ್ರಾಯ ಕೊಡುತ್ತಿದ್ದ. ಎಷ್ಟೋ ಸಲ ಅವನು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಮನೆಯಲ್ಲಿ ನನ್ನ ಕೆಲಸದ ಸೀರೆಗಳಿಗೆ ಬೇರೆ ಹಗ್ಗ, ಬೇರೆ ಕಪಾಟು.

ನಿಯಮಗಳು ಬೇರೆ ಇದ್ದವು. ಮುಡಿಗೆ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ, ವಾಸನೆಯ ಎಣ್ಣೆಯಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಹಸಿ ಉಳ್ಳಾಗಡ್ಡಿ ಇಲ್ಲ. ವಿಜಾಪುರದವಳಿಗೆ ಉಳ್ಳಾಗಡ್ಡಿ ಇಲ್ಲದೆ ರೊಟ್ಟಿ ತಿನ್ನು ಎಂದರೆ ಅದು ಯಾವ ವ್ರತಕ್ಕೂ ಕಡಿಮೆಯಲ್ಲ. ಸಂಕ್ರಮಣದಲ್ಲಿ ಅರಿಶಿನ-ಕುಂಕುಮಕ್ಕೆ ಕರೆದವರ ಮನೆಯಲ್ಲಿ ಕೈಗೆ ಅತ್ತರು ಹಚ್ಚಲು ಬಂದರೆ ನಾನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅತ್ತರಿನ ಕಾರ್ಖಾನೆಯವಳಿಗೆ ನಮ್ಮ ಅತ್ತರು ಸಾಲದಂತೆ ಎಂದು ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರು ಎರಡು ವರ್ಷ ಮುಖ ತಿರುಗಿಸಿದ್ದರು. ಮೂರನೆಯ ವರ್ಷ ಅವರಿಗೆಲ್ಲ ಒಂದೊಂದು ಸೀಸೆ ಕೊಟ್ಟೆ. ಆಮೇಲೆ ನನ್ನಷ್ಟು ಒಳ್ಳೆಯ ನೆರೆಯವಳೇ ಇರಲಿಲ್ಲ.

ನಮ್ಮ ಮಾಲೀಕರೂ ಮುಖ್ಯ ಸುಗಂಧ ತಜ್ಞರೂ ಒಬ್ಬರೇ, ಲೇಲೆ ಸರ್. ತೆಳ್ಳಗೆ, ಉದ್ದಕ್ಕೆ ಇದ್ದರು. ಮಾತು ಕಡಿಮೆ. ಸಿಟ್ಟು ಬಂದರೆ ಇನ್ನೂ ಕಡಿಮೆ. ನಾವು 'ಹಸಿರು' ಎಂದು ಕರೆಯುತ್ತಿದ್ದ ವಸ್ತುವನ್ನು ನನಗೆ ಪರಿಚಯಿಸಿದವರು ಅವರೇ. ಪುಸ್ತಕದಲ್ಲಿ ಅದಕ್ಕೆ ಲೀಫ್ ಆಲ್ಕೊಹಾಲ್ ಎಂದು ಹೆಸರು, ನೋಡಲು ಥೇಟ್ ನೀರು. ಮೆಂತ್ಯೆ ಸೊಪ್ಪು ಸೋಸುವಾಗ ದಂಟು ಮುರಿದರೆ ಬರುವ ವಾಸನೆ, ಬಟಾಣಿ ಸುಲಿದ ಸಿಪ್ಪೆಯ ವಾಸನೆ, ಜೋಳದ ಗರಿಯನ್ನು ಉಗುರಿನಿಂದ ಸೀಳಿದರೆ ಬರುವ ವಾಸನೆ, ಎಲ್ಲ ಅದೇ. ಎಲೆಗೆ ಗಾಯವಾದ ಕೂಡಲೇ ಹುಟ್ಟುತ್ತದೆ, ಗಳಿಗೆಯಲ್ಲಿ ಹಾರಿಹೋಗುತ್ತದೆ. ಹಾರಿಹೋಗುವ ಅದರ ಈ ಗುಣವನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಸೇರಿದ ಮೊದಲ ವಾರವೇ ನಾನು ಆ ಬಾಟಲಿಯ ಮುಚ್ಚಳ ತೆಗೆದು, ತೆಳ್ಳಗೆ ಮಾಡದೆಯೇ, ಮಜ್ಜಿಗೆ ಕುಡಿಯುವ ಧೈರ್ಯದಲ್ಲಿ ನೇರವಾಗಿ ಮೂಗಿಟ್ಟು ಎಳೆದೆ. ಹಣೆಗೆ ಯಾರೋ ಹೊಡೆದಂತಾಯಿತು. ಆ ದಿನವೆಲ್ಲ ನನಗೆ ಯಾವ ವಾಸನೆಯೂ ಬರಲಿಲ್ಲ. ಸಂಜೆ ಮನೆಯಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆ ಕರಕಾಗಿದ್ದನ್ನು ಪಕ್ಕದ ಮನೆಯವರು ಬಾಗಿಲು ಬಡಿದು ಹೇಳಬೇಕಾಯಿತು. ವಾಸನೆ ನೋಡಿ ಸಂಬಳ ತರುವವಳ ಮನೆಯ ಕತೆ ಇದು ಎಂದು ನಮ್ಮ ಮನೆಯವರು ಬಂದವರಿಗೆಲ್ಲ ವರ್ಷಗಟ್ಟಲೆ ಹೇಳಿದರು.

ಮರುದಿನ ಲೇಲೆ ಸರ್ ಬೈಯಲಿಲ್ಲ. ಹಸಿರನ್ನು ಹತ್ತು ಪಾಲು ತೆಳ್ಳಗೆ ಮಾಡಿಸಿ, ಕಾಗದದ ಉದ್ದನೆಯ ಪಟ್ಟಿಯೊಂದರ ತುದಿಗೆ ಅದ್ದಿ, ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿಸಿದರು. ಆಮೇಲೆ ಇನ್ನೆರಡು ಪಟ್ಟಿ ಕೊಟ್ಟರು, ಎರಡರಲ್ಲೂ ಮಲ್ಲಿಗೆ. ಮೊದಲನೆಯದು ದೇವರ ಪಟಕ್ಕೆ ಹಾಕುವ ಪ್ಲಾಸ್ಟಿಕ್ ಹಾರಕ್ಕೆ ಸೆಂಟು ಹೊಡೆದ ಹಾಗಿತ್ತು. ಎರಡನೆಯದನ್ನು ಮೂಸಿದಾಗ ನಿಜವಾಗಿ ಹೂವಿನ ಬುಟ್ಟಿ ತೆರೆದಂತಾಯಿತು. ವ್ಯತ್ಯಾಸ ಇಷ್ಟೇ, ಎರಡನೆಯದಕ್ಕೆ ಒಂದು ತೊಟ್ಟು ಹಸಿರು ಹಾಕಿದ್ದರು. ಹಸಿರು ಒಂದೇ ಇದ್ದರೆ ಬರೀ ಹುಲ್ಲು, ಹೂವಿನ ಜೊತೆ ಸೇರಿದರೆ ಹೂವಿಗೆ ದೇಟು ಬರುತ್ತದೆ ಎಂದರು. ನನ್ನ ಕಾಲೇಜಿನ ಮೂರು ವರ್ಷದ ಪಾಠ ಮರೆತಿದೆ, ಈ ಐದು ನಿಮಿಷದ ಪಾಠ ಮರೆತಿಲ್ಲ.

ಪಟ್ಟಿಯ ಮೇಲೆ ಚೆನ್ನಾಗಿರುವುದು ಸರಕಿನಲ್ಲಿಯೂ ಚೆನ್ನಾಗಿರುತ್ತದೆ ಎಂದು ನಂಬಬೇಡಿ. ಬಟ್ಟೆ ತೊಳೆಯುವ ಪುಡಿಗೆಂದು ನಾವು ಒಮ್ಮೆ ಬಲು ಮುದ್ದಾದ ಎಲೆ ವಾಸನೆ ಮಾಡಿ ಕೊಟ್ಟೆವು. ಪಟ್ಟಿ ಮೂಸಿದವರೆಲ್ಲ ಭೇಷ್ ಎಂದರು. ಮೂರು ವಾರದ ಮೇಲೆ ಪುಡಿಯವನು ಬಂದು, ಗೋದಾಮಿನಲ್ಲಿ ಕೋಸುಗಡ್ಡೆ ಬೇಯಿಸಿದ ವಾಸನೆ ಬರುತ್ತಿದೆ, ಹಮಾಲರು ಒಳಗೆ ಹೋಗಲು ಒಲ್ಲೆ ಎನ್ನುತ್ತಿದ್ದಾರೆ ಎಂದ. ಪುಡಿಯಲ್ಲಿದ್ದ ಕ್ಷಾರ ನಮ್ಮ ಹಸಿರನ್ನು ತಿಂದುಹಾಕಿತ್ತು. ಅಂದಿನಿಂದ ನಾನು ಪ್ರತಿಯೊಂದನ್ನೂ ಸರಕಿನಲ್ಲಿ ಬೆರೆಸಿ, ಬಿಸಿಲಿಗೊಂದು ನೆರಳಿಗೊಂದು ಇಟ್ಟು, ತಿಂಗಳು ಕಾದ ಮೇಲೆಯೇ ಬಾಯಿ ಬಿಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಯಂತ್ರ ಬಂತು. ಒಂದು ಹನಿ ಕೊಟ್ಟರೆ ಅದರೊಳಗಿನ ಒಂದೊಂದು ವಸ್ತುವನ್ನೂ ಬಿಡಿಸಿ ಕಾಗದದ ಮೇಲೆ ಸಾಲುಗುಡ್ಡಗಳ ಹಾಗೆ ಬರೆಯುತ್ತಿತ್ತು. ಜೋಡಿಸಲು ಬಂದ ಇಂಜಿನಿಯರು, ಇನ್ನು ನಿಮ್ಮ ಮೂಗಿಗೆ ರಜೆ ಎಂದು ನನಗೆ ಹೇಳಿ ಹೋದ. ಎರಡೇ ತಿಂಗಳಲ್ಲಿ ಒಂದು ಬ್ಯಾಚು ಹೊಲಸು ನಾರಿತು, ಯಂತ್ರ ಎಲ್ಲ ಸರಿಯಿದೆ ಎಂದಿತು. ಡ್ರಮ್ಮಿನ ಮುಚ್ಚಳದ ರಬ್ಬರಿನಿಂದ ಬಂದಿದ್ದ ಲೇಶಮಾತ್ರದ ಕೊಳಕು, ಗುಡ್ಡವಾಗುವಷ್ಟು ಇರಲಿಲ್ಲ, ಮೂಗಿಗೆ ಮಾತ್ರ ಸಿಕ್ಕಿತು. ಹಾಗೆಂದು ಯಂತ್ರವನ್ನು ನಾನು ಹಳಿಯುವುದಿಲ್ಲ. ಅದಕ್ಕೆ ಜಂಬವಿಲ್ಲ. ಜಂಬ ಇರುವ ಮೂಗು ಏನು ಮಾಡುತ್ತದೆ ಎನ್ನುವುದಕ್ಕೆ ಯಂತ್ರ ಬರುವ ಕೆಲವು ವರ್ಷ ಮೊದಲಿನ ನನ್ನದೇ ಒಂದು ಪ್ರಸಂಗವಿದೆ. ಉಳಿದುದನ್ನೆಲ್ಲ ಬಿಟ್ಟರೂ ಅದನ್ನು ಹೇಳದೆ ಬಿಡಲಾರೆ.

ಬ್ಯಾಚು ಸರಿಯಿದೆಯೇ ಎಂದು ಆಗ ನೋಡುತ್ತಿದ್ದದ್ದು ಹೀಗೆ. ಲೇಲೆ ಸರ್ ಹೊಸ ವಾಸನೆಯೊಂದನ್ನು ಕಟ್ಟಿದಾಗ ಅದನ್ನು ಹತ್ತಾರು ಪುಟ್ಟ ಸೀಸೆಗಳಲ್ಲಿ ಕಂಠಮಟ್ಟ ತುಂಬಿ, ಮುಚ್ಚಳಕ್ಕೆ ಮೇಣ ಹಾಕಿ, ತಮ್ಮ ಕೋಣೆಯ ತಣ್ಣನೆಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಂದು ಸೀಸೆ ಮಾತ್ರ ನನ್ನ ಮೇಜಿನ ಮೇಲೆ. ಅದು ಮಾದರಿ. ಹೊಸ ಬ್ಯಾಚು ಬಂದಾಗ ಒಂದು ಪಟ್ಟಿ ಮಾದರಿಯಲ್ಲಿ, ಒಂದು ಪಟ್ಟಿ ಬ್ಯಾಚಿನಲ್ಲಿ ಅದ್ದಿ, ಎರಡೂ ಒಂದೇ ಎಂದು ಮೂಗು ಹೇಳಿದರೆ ಸಹಿ. ನಾಲ್ಕು ತಿಂಗಳಿಗೊಮ್ಮೆ ಮೇಜಿನ ಸೀಸೆ ಎಸೆದು ಕಪಾಟಿನಿಂದ ಹೊಸದು ತೆಗೆಯಬೇಕು ಎಂಬುದು ಅವರ ಕಟ್ಟಪ್ಪಣೆ.

ತೂಕ ಮಾಡುವವನು ಭೀಮಣ್ಣ. ಯಾದಗಿರಿ ಕಡೆಯವನು. ನಮ್ಮ ಎರಡನೆಯ ಶೆಡ್ಡು ಕಟ್ಟುವಾಗ ಹೆಂಡತಿಯೊಂದಿಗೆ ಉಸುಕು ಹೊರಲು ಬಂದವನು, ಕಟ್ಟಡ ಮುಗಿದ ಮೇಲೆ ಡ್ರಮ್ಮು ಎತ್ತುವ ಕೆಲಸಕ್ಕೆ ನಿಂತ. ಅವನ ಕೈ ನಡುಗುವುದಿಲ್ಲ ಎನ್ನುವುದನ್ನು ಲೇಲೆ ಸರ್ ಗಮನಿಸಿ ತಕ್ಕಡಿಗೆ ಹಾಕಿದರು. ತಂಬಾಕು ತಿಕ್ಕುವ ಕೈ ತಕ್ಕಡಿಯ ಮೇಲೆ ನಡೆಯುವುದಿಲ್ಲ ಎಂದದ್ದಕ್ಕೆ, ಹದಿನೈದು ವರ್ಷದ ತಂಬಾಕನ್ನು ಒಂದೇ ದಿನಕ್ಕೆ ಬಿಟ್ಟ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ ಓದಿದ್ದ. ವಸ್ತುಗಳ ಇಂಗ್ಲಿಷ್ ಹೆಸರು ಓದಲು ಬರದಿದ್ದರೂ ಬಾಟಲಿಗಳ ನಂಬರು ಬಾಯಿಪಾಠ. ಸುರಿಯುವಾಗ ಪ್ರತಿ ತೂಕವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಕೂಗುತ್ತಿದ್ದ. ತೂಕದ ಪ್ರಮಾಣ ಬರೆದ ಹಾಳೆಯ ಮೇಲೆ ಸಹಿ ಇಲ್ಲದಿದ್ದರೆ ಒಂದು ಹನಿಯನ್ನೂ ಸುರಿಯುತ್ತಿರಲಿಲ್ಲ. ಲೇಲೆ ಸರ್ ಖುದ್ದು ನಿಂತು ಹೇಳಿದರೂ, ಸಹಿ ಮಾಡ್ರಿ ಸಾಹೇಬ್ರ, ಎಂದು ತನ್ನ ಹರಕುಮುರುಕು ಮರಾಠಿಯಲ್ಲೇ ಹೇಳುತ್ತಿದ್ದ. ಇಡೀ ಕಾರ್ಖಾನೆಯಲ್ಲಿ ಕನ್ನಡದವರು ನಾವಿಬ್ಬರೇ. ದಿನವಿಡೀ ಮರಾಠಿಯಲ್ಲಿ ಸಭ್ಯವಾಗಿ ಮಾತಾಡಿ ದಣಿದ ಮೇಲೆ ಅವನೊಂದಿಗೆ ನಮ್ಮ ಭಾಷೆಯಲ್ಲಿ ನಾಲ್ಕು ಮಾತಾಡಿದರೆ ರೊಟ್ಟಿಗೆ ಉಳ್ಳಾಗಡ್ಡಿ ಸಿಕ್ಕಷ್ಟು ಸಮಾಧಾನ.

ಆ ವರ್ಷ ಲೇಲೆ ಸರ್‌ಗೆ ಹೃದಯದ ಆಪರೇಷನ್ ಆಯಿತು. ಆರು ತಿಂಗಳು ಕೋಥರೂಡಿನ ಮನೆಯಲ್ಲೇ ವಿಶ್ರಾಂತಿ. ವಾಸನೆಗೆ ಸಂಬಂಧಿಸಿದ್ದನ್ನೆಲ್ಲ ನನ್ನ ಕೈಗೆ ಒಪ್ಪಿಸಿದರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯತೊಡಗಿದೆ. ಕಪಾಟಿನ ಕೀಲಿ ಅವರ ಬಳಿಯೇ ಉಳಿದಿತ್ತು. ಸೀಸೆ ಬದಲಾಯಿಸುವ ಕಾಲ ಬಂದಾಗ ಕೀಲಿ ಕೇಳಲೆಂದು ಕೋಥರೂಡಿಗೆ ಎರಡು ಸಲ ಹೋದೆ. ಎರಡೂ ಸಲ ಹಣ್ಣು ಕೊಟ್ಟು, ಆರೋಗ್ಯ ವಿಚಾರಿಸಿ, ಚಹಾ ಕುಡಿದು, ಕೀಲಿ ಕೇಳದೆ ಬಂದೆ. ಹೊಣೆ ಒಪ್ಪಿಸಿದ ಕೂಡಲೇ ಕೀಲಿ ಕೇಳಿದರೆ, ಇವಳಿಗೆ ತಾನಾಗಿ ಏನೂ ಆಗುವುದಿಲ್ಲ ಎಂದುಕೊಂಡಾರು ಎಂಬ ಸಂಕೋಚ. ಸೀಸೆಯನ್ನು ನಾನು ದಿನಾ ಮೂಸುತ್ತೇನೆ, ಕೆಟ್ಟರೆ ನನಗೆ ಗೊತ್ತಾಗದೆ ಇರುತ್ತದೆಯೇ ಎಂಬ ಜಂಬ ಅದಕ್ಕಿಂತ ದೊಡ್ಡದು.

ನಮ್ಮಲ್ಲಿ 'ಮಳಾ' ಎಂಬ ವಾಸನೆಯೊಂದಿತ್ತು. ಮಳಾ ಎಂದರೆ ಮರಾಠಿಯಲ್ಲಿ ತೋಟ. ಸಾಂಗಲಿ ಕಡೆಯ ಒಬ್ಬರು ತಮ್ಮ ತಲೆಗೆಣ್ಣೆಗೆ ಅದನ್ನು ಒಯ್ಯುತ್ತಿದ್ದರು. ಅದರ ಜೀವವೇ ಹಸಿರು. ಆ ಬೇಸಿಗೆಯ ಕೊನೆಗೆ ಮಾಡಿದ ಮಳಾ ಬ್ಯಾಚನ್ನು ಮೂಸಿದಾಗ, ಮಾದರಿಗಿಂತ ಹಸಿರು ಎದ್ದು ಹೊಡೆಯಿತು. ಭೀಮಣ್ಣನನ್ನು ಕರೆದು, ಸ್ವಲ್ಪ ಕೈ ಬಿಗಿಹಿಡಿದು ಸುರಿ ಎಂದೆ. ಹಾಳೆಯಲ್ಲಿ ಇದ್ದಷ್ಟೇ ಸುರಿದಿದ್ದೇನೆ ಎಂದ. ಮುಂದಿನ ಬ್ಯಾಚೂ ಹಾಗೆಯೇ ಬಂತು. ನನಗೆ ರೇಗಿತು. ಪಕ್ಕದಲ್ಲಿ ನಿಂತು ಒಂದು ಸಲ ಅವನ ತೂಕ ನೋಡಿದ್ದರೆ ಮುಗಿದುಹೋಗುತ್ತಿತ್ತು, ಆದರೆ ಮೇಲಧಿಕಾರಿಯಾದವಳು ತಕ್ಕಡಿಯ ಪಕ್ಕ ನಿಲ್ಲುವುದೇ? ಬ್ಯಾಚ್ ರಜಿಸ್ಟರು ತೆಗೆದು ಕೆಂಪು ಶಾಯಿಯಲ್ಲಿ, ತೂಕದಲ್ಲಿ ತಪ್ಪು, ತೂಗಿದವರು ಭೀಮಣ್ಣ, ಎಂದು ಇಂಗ್ಲಿಷಿನಲ್ಲಿ ಬರೆದೆ. ಓದಲು ಬಾರದಿದ್ದರೂ ಕೆಂಪು ಶಾಯಿ ಯಾತಕ್ಕೆ ಬಳಸುತ್ತಾರೆಂದು ಅವನಿಗೆ ಗೊತ್ತಿತ್ತು.

"ಭೀಮಣ್ಣ, ನಿನ್ನ ಕಣ್ಣು ತೋರಿಸ್ಕೊ. ಅಲ್ಲೀತನಕ ಡ್ರಮ್ ತೊಳಿಯೋ ಕಡೆ ಇರು," ಎಂದೆ.

"ಕಣ್ಣ ಛಲೋ ಅದಾವ್ರಿ ಅಕ್ಕಾರ. ಹಾಳಿ ಮ್ಯಾಲ ಬರದಷ್ಟ ಹಾಕೀನಿ. ಕೈ ತಪ್ಪಿದ್ರ ನಾನೇ ಬಂದು ಹೇಳತಿದ್ದೆ," ಎಂದ.

ತಕ್ಕಡಿಯನ್ನು ಒರೆಸಿ, ಮುಸುಕು ಹಾಕಿ, ಹಿಂದಿನ ಶೆಡ್ಡಿಗೆ ಹೋದ. ಆ ಎರಡು ಬ್ಯಾಚುಗಳನ್ನು ನೆಲ ಒರೆಸುವ ಫಿನೈಲಿನ ಟ್ಯಾಂಕಿಗೆ ಸುರಿದುಬಿಡು ಎಂದು ಅವನಿಗೇ ಹೇಳಿದೆ. ಸಹಿ ಮಾಡಿದ ಚೀಟಿ ಬೇಕು ಎಂದ. ಕಳಿಸುತ್ತೇನೆ ಎಂದು ಹೇಳಿ ಮರೆತೆ.

ಅವನ ಜಾಗಕ್ಕೆ ಬಾಟಲಿ ತುಂಬುವ ವಿಭಾಗದ ವಸಂತನನ್ನು ತಂದೆ. ವಸಂತ ತೂಗಿದ ಮಳಾ ಕೂಡ ಮಾದರಿಗಿಂತ ಹಸಿರಾಗಿಯೇ ಬಂತು. ಬುದ್ಧಿ ಇದ್ದವರು ಅಲ್ಲಿಗೆ ಎಚ್ಚರಾಗುತ್ತಿದ್ದರು. ನಾನು ಮಾತ್ರ, ಓಹೋ, ಈ ಸಲ ಬಂದಿರುವ ಹಸಿರಿನ ಮಾಲೇ ಜೋರಾಗಿದೆ ಎಂದು ಹೊಸ ಕಾರಣ ಹುಡುಕಿಕೊಂಡೆ. ಸೂತ್ರದಲ್ಲಿ ಹಸಿರನ್ನು ಅರ್ಧಕ್ಕೆ ಇಳಿಸಿ ಸಹಿ ಹಾಕಿದೆ. ಮಾದರಿಗೆ ಸರಿಯಾಗಿ ಕೂತಿತು. ಮಾಲೇ ಜೋರಾಗಿದ್ದರೆ ಭೀಮಣ್ಣನ ತಪ್ಪೇನು ಎಂಬ ಪ್ರಶ್ನೆ ಒಂದು ಸಲ ತಲೆಗೆ ಬಂದದ್ದು ನಿಜ. ಅವನನ್ನು ವಾಪಸು ಕರೆದರೆ ನಾನು ತಪ್ಪಿದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಆ ಪ್ರಶ್ನೆಯನ್ನು ಅಲ್ಲೇ ಕೂರಿಸಿದೆ. ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ದಸರೆಗೆ ಒಂದು ವಾರವಿರುವಾಗ ಲೇಲೆ ಸರ್ ಕೆಲಸಕ್ಕೆ ಮರಳಿದರು. ಅವರು ಬಂದ ಎರಡನೆಯ ದಿನವೇ ಸಾಂಗಲಿಯ ಎಣ್ಣೆಯವರು ಕೈಯಲ್ಲಿ ಬಾಟಲಿ ಹಿಡಿದು ಬಂದರು. ಹೊಸ ಎಣ್ಣೆ ಹಳೆಯ ದಾಸ್ತಾನಿನ ಹಾಗೆ ವಾಸನೆ ಬರುತ್ತದೆ, ಅದರಲ್ಲಿ ತಾಜಾತನವೇ ಇಲ್ಲ, ಹೆಂಗಸರು ಅಂಗಡಿಗೆ ಬಾಟಲಿ ತಿರುಗಿಸಿ ಕೊಡುತ್ತಿದ್ದಾರೆ ಎಂದು ಹೇಳಿದರು. ನಾನು ಮಾದರಿ ಸೀಸೆ ತೋರಿಸಿ, ಅದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಗಟ್ಟಿಯಾಗಿ ವಾದಿಸಿದೆ. ಲೇಲೆ ಸರ್ ನನ್ನ ಕೈಯಿಂದ ಸೀಸೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಅದು ಮುಕ್ಕಾಲು ಖಾಲಿಯಾಗಿತ್ತು. ಎಣ್ಣೆಯವರಿಗೆ ಚಹಾ ತರಿಸಿ ಹೊರಗೆ ಕೂರಿಸಿದರು.

ಆಮೇಲೆ ಕಪಾಟು ತೆರೆದು ಮೇಣ ಹಾಕಿದ ಸೀಸೆ ತೆಗೆದರು. ಪ್ರತಿ ಬ್ಯಾಚಿನಿಂದ ಒಂದಿಷ್ಟು ತೆಗೆದಿಡುವ ಪದ್ಧತಿ ಇದ್ದುದರಿಂದ ಹಳೆಯ ಬ್ಯಾಚುಗಳ ಸ್ಯಾಂಪಲ್ಲೂ ಇದ್ದವು. ಐದು ಪಟ್ಟಿ ಅದ್ದಿ, ಹಿಂಬದಿಗೆ ಗುರುತು ಬರೆದು, ಕಲಸಿ ನನ್ನ ಮುಂದಿಟ್ಟರು. ಒಂದೇ ಥರದವನ್ನು ಒಂದು ಕಡೆ ಹಾಕಿ ಎಂದರು. ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಮೂರು ಪಟ್ಟಿ ಈ ಕಡೆ, ಆಗ ತಾನೇ ಸೀಳಿದ ಎಲೆಯ ಹಾಗಿದ್ದವು. ಎರಡು ಆ ಕಡೆ, ಮಂಕಾಗಿದ್ದವು. ಅವರು ಪಟ್ಟಿಗಳನ್ನು ತಿರುಗಿಸಿದರು. ಮೂರರಲ್ಲಿ ಒಂದು ಮೇಣದ ಸೀಸೆಯದು, ಉಳಿದೆರಡು ಭೀಮಣ್ಣನ ಬ್ಯಾಚು. ಮಂಕಾದವುಗಳಲ್ಲಿ ಒಂದು ನಾನು ಅರ್ಧಕ್ಕೆ ಇಳಿಸಿ ಸಹಿ ಹಾಕಿದ್ದು, ಇನ್ನೊಂದು ನನ್ನ ಮೇಜಿನ ಮಾದರಿ.

ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ಆ ಸೀಸೆಯ ಹಸಿರನ್ನು ಹಾರಿಸಿದವಳು ನಾನೇ. ದಿನವೂ ನೋಡುವ ಮಕ್ಕಳು ಬೆಳೆದದ್ದು ತಾಯಿಗೆ ತಿಳಿಯದ ಹಾಗೆ, ಅದು ಇಳಿಯುತ್ತಿದ್ದದ್ದು ನನ್ನ ಮೂಗಿಗೆ ತಿಳಿಯಲೇ ಇಲ್ಲ. ಅದನ್ನೇ ಅಳತೆಗೋಲು ಮಾಡಿಕೊಂಡು ಸರಿಯಾಗಿ ತೂಗಿದವನನ್ನು ತಪ್ಪಿತಸ್ಥನೆಂದು ಬರೆದಿದ್ದೆ.

ಎಣ್ಣೆಯವರಿಗೆ ಕೂಡಲೇ ಸರಿಯಾದ ಮಾಲು ಬೇಕಿತ್ತು. ಆ ಎರಡು ಬ್ಯಾಚು ಎಲ್ಲಿ ಎಂದು ಸರ್ ಕೇಳಿದರು. ಫಿನೈಲಿಗೆ ಹೋದವು ಎಂದೆ. ಆದರೂ ಹಿಂದಿನ ಶೆಡ್ಡಿಗೆ ಹೋಗಿ ನೋಡಿದೆವು. ಗೋಡೆಯ ಬದಿಗೆ, ಬಿಸಿಲು ತಾಗದ ಕಡೆ, ಭೀಮಣ್ಣ ತಾಡಪತ್ರಿ ಹೊದಿಸಿ ಆ ಡ್ರಮ್ಮುಗಳನ್ನು ಇಟ್ಟಿದ್ದ. ಯಾಕೆ ಸುರಿಯಲಿಲ್ಲ ಎಂದು ಸರ್ ಕೇಳಿದ್ದಕ್ಕೆ ಭೀಮಣ್ಣ, ಸಹಿ ಬಂದಿರಲಿಲ್ರಿ, ಎಂದಷ್ಟೇ ಹೇಳಿ ಮತ್ತೆ ಡ್ರಮ್ಮು ತೊಳೆಯಲು ಬಾಗಿದ. ಮಾಲು ಅಂದೇ ಸಾಂಗಲಿಯ ಗಾಡಿ ಹತ್ತಿತು.

ಸಂಜೆ ಸರ್ ನನ್ನನ್ನು ಕರೆದು, ಈ ಕೋಣೆಯ ಹೊರಗೆ ಇದು ಯಾರಿಗೂ ತಿಳಿಯಬೇಕಿಲ್ಲ ಎಂದರು. ಭೀಮಣ್ಣನನ್ನು ನಾಳೆಯೇ ತಕ್ಕಡಿಗೆ ಕರೆಯಿರಿ, ಕಣ್ಣಿಗೆ ಔಷಧ ಹಾಕಿಕೊಂಡ, ಈಗ ಸರಿಯಾಗಿದೆ ಎಂದರಾಯಿತು ಎಂದರು. ನನ್ನ ಮಾನ ಉಳಿಸಲೆಂದೇ ಹೇಳಿದ್ದು. ಸತ್ಯ ಹೇಳುತ್ತೇನೆ, ನನಗೆ ಜೀವ ಬಂದಂತಾಯಿತು. ಮರುದಿನ ಬೆಳಿಗ್ಗೆ ಹಿಂದಿನ ಶೆಡ್ಡಿಗೆ ಹೋಗಿ, ಇವತ್ತಿನಿಂದ ತಕ್ಕಡಿಗೆ ಬಾ ಎಂದೆ.

"ಯಾಕ್ರಿ ಅಕ್ಕಾರ, ನನ್ನ ಕಣ್ಣ ಛಲೋ ಆದವೇನು?" ಎಂದು ಕೇಳಿದ.

ಉತ್ತರಕ್ಕೆ ಕಾಯದೆ, ದನಿ ಏರಿಸದೆ ಹೇಳಿದ: "ತಪ್ಪು ಮಾಡಿದವ್ನ ಕರುಣಾ ತೋರಿಸಿ ತಿರುಗಿ ತೊಗೊಂಡ್ರು ಅಂತಾರ್ರಿ ಮಂದಿ. ಹಂಗ ಬರಾಂಗಿಲ್ಲ ನಾ. ದಸರಾ ಆದ ಮ್ಯಾಲ ಮತ್ತ ಉಸುಕು ಹೊರಾಕ ಹೋಗತೀನಿ. ಅಲ್ಲಿ ಯಾರೂ ನನ್ನ ಹೆಸರ ಬರಕೊಳ್ಳಂಗಿಲ್ಲ."

ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಅವನು ಹೋದರೆ ನಮಗೆ ಇನ್ನೊಬ್ಬ ತೂಕದವನು ಸಿಗುತ್ತಿದ್ದ, ವಸಂತನೇ ಕಲಿತುಕೊಳ್ಳುತ್ತಿದ್ದ. ಆದರೆ ನಲವತ್ತು ದಾಟಿದ ಮನುಷ್ಯ, ತನ್ನ ಕೈಯ ಮೇಲಿನ ನಂಬಿಕೆಯನ್ನು ನಾನು ಕೆಡಿಸಿದ್ದರಿಂದ, ಮತ್ತೆ ಬಿಸಿಲಲ್ಲಿ ಬುಟ್ಟಿ ಹೊರಲು ಹೋಗುತ್ತಾನೆ ಎಂಬುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮನೆಯವರಿಗೆ ಎಲ್ಲ ಹೇಳಿದೆ. ಅವರು ಒಂದು ಸಲವಾದರೂ ತಮಾಷೆ ಮಾಡಬಹುದಿತ್ತು, ಮಾಡಲಿಲ್ಲ. ಆಗ ನನಗೆ ವಿಷಯ ಎಷ್ಟು ದೊಡ್ಡದೆಂದು ಗೊತ್ತಾಯಿತು.

ಮಹಾನವಮಿಯ ದಿನ ಆಯುಧಪೂಜೆ. ನಮ್ಮ ಕಾರ್ಖಾನೆಯ ಪೂಜೆಯೊಂದು ವಿಚಿತ್ರ. ತಕ್ಕಡಿಯ ಕೋಣೆಯಲ್ಲಿ ಹೂವಿಲ್ಲ, ಊದಿನಕಡ್ಡಿಯಿಲ್ಲ, ಕರ್ಪೂರವಿಲ್ಲ. ಅಲ್ಲಿಗೆ ಬೇರೆ ವಾಸನೆ ಬರಕೂಡದು. ಬರೀ ಕುಂಕುಮ, ಅಕ್ಷತೆ, ಹೊರಗೆ ಒಡೆದು ತಂದ ತೆಂಗಿನಕಾಯಿ. ತಕ್ಕಡಿಗೆ ಮೊದಲ ಕುಂಕುಮ ಹಚ್ಚುವುದು ತೂಗುವವನ ಹಕ್ಕು. ಎಲ್ಲರೂ ಸೇರಿದ್ದರು. ವಸಂತ ಮುಂದೆ ಬಂದಿದ್ದ, ಭೀಮಣ್ಣ ಬಾಗಿಲಿನ ಹೊರಗೆ ನಿಂತಿದ್ದ. ನಾನು ತಟ್ಟೆ ಹಿಡಿದು, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಹೇಳಿದೆ. ಭೀಮಣ್ಣನ ತೂಕದಲ್ಲಿ ಎಂದೂ ತಪ್ಪಿರಲಿಲ್ಲ, ಮಾದರಿ ಸೀಸೆ ಬದಲಾಯಿಸದೆ ಕೆಡಿಸಿದವಳು ನಾನು, ಅವನನ್ನು ತೆಗೆದದ್ದು ನನ್ನ ತಪ್ಪು. ಲೇಲೆ ಸರ್ ನೆಲ ನೋಡುತ್ತಾ ನಿಂತಿದ್ದರು. ವಸಂತ ತಾನಾಗಿ ಹಿಂದೆ ಸರಿದ. ನಾನು ತಟ್ಟೆಯನ್ನು ಭೀಮಣ್ಣನತ್ತ ಚಾಚಿದೆ.

ಅವನು ಒಳಗೆ ಬಂದ, ತಟ್ಟೆಗೆ ಕೈ ಹಾಕಲಿಲ್ಲ. ನನಗೊಬ್ಬಳಿಗೇ ತಿಳಿಯುವ ಭಾಷೆಯಲ್ಲಿ ಹೇಳಿದ: "ಬಾಯಿಲೆ ಹೇಳಿದ್ದು ಎಲ್ಲಾರೂ ಕೇಳಿದ್ರು, ಭಾಳ ಸಂತೋಷ ಆತು. ಆದ್ರ ನಾಳಿಗಿ ಮರೀತಾರ್ರಿ. ರಜಿಸ್ಟರದಾಗ ನನ್ನ ಹೆಸರು ಹಂಗ ಅದ."

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು ರಜಿಸ್ಟರು ತಂದೆ. ಆ ಪುಟ ತೆರೆದೆ. ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಬಿದ್ದಿರದ ಆ ಪುಸ್ತಕದಲ್ಲಿ, ಅವನು ತಾನೇ ಓದಲಿ ಎಂದು ಕನ್ನಡದಲ್ಲಿ ಬರೆದೆ: ಭೀಮಣ್ಣನ ತೂಕ ಸರಿಯಾಗಿತ್ತು, ತಪ್ಪು ನನ್ನದು. ಕೆಳಗೆ ಸಹಿ ಹಾಕಿದೆ. ಅವನು ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ನಿಧಾನವಾಗಿ ಓದಿದ. ಉಳಿದವರು ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಓದಿ ಮುಗಿಸಿ ಅವನ ಬೆರಳು ಮೇಲೆ ನಾನು ಹಿಂದೆ ಬರೆದಿದ್ದ ಸಾಲಿಗೆ ಹೋಯಿತು, ಮತ್ತೆ ಕೆಳಗೆ ಬಂತು.

"ನಂದು ಕೆಂಪು ಶಾಯಿಲೆ ಬರದೀರಿ, ಅಕ್ಕಾರ. ನಿಮ್ಮದು ನೀಲಿಲೆ ಅದ."

ನಾನು ಕೆಂಪು ಪೆನ್ನು ತಂದು, ಅದರ ಕೆಳಗೇ ಇನ್ನೊಂದು ಸಲ ಬರೆದೆ. 'ನನ್ನದು' ಎಂಬಲ್ಲಿ ಈ ಸಲ ನನ್ನ ಪೂರ್ತಿ ಹೆಸರು ಬರೆದೆ. ಭೀಮಣ್ಣ ಅದನ್ನೂ ಬೆರಳಿಟ್ಟು ಓದಿದ, ರಜಿಸ್ಟರು ಮುಚ್ಚಿ ನನ್ನ ಕೈಗೆ ಕೊಟ್ಟ, ಮತ್ತು ಮುಂದೆ ಹೋಗಿ ತಕ್ಕಡಿಗೆ ಕುಂಕುಮ ಹಚ್ಚಿದ.